ಖಣದ ಬಟ್ಟೆ ಹೊದಿಸಿ ಮನೆಯಲ್ಲೇ ನೋಟ್‌ಬುಕ್ ಕಟ್ಟುವಾಗ ಅಂಟಿನ ಕಲೆ, ಬಾಗುವ ರಟ್ಟು: ಏನು ಮಾಡಬೇಕು?

ತಿರುಗುಸೂಜಿ

ಗುಳೇದಗುಡ್ಡದ ಖಣದ ತುಂಡುಗಳಿವೆ. ಅವನ್ನು ಹೊದಿಸಿ ಎ5 ಅಳತೆಯ ಗಟ್ಟಿ ರಟ್ಟಿನ ನೋಟ್‌ಬುಕ್ ಕಟ್ಟಬೇಕು. ಒಳಗೆ ಎ4 ಹಾಳೆ ಮಡಚಿ ಹೊಲಿದದ್ದು, ರಟ್ಟು 2 ಮಿ.ಮೀ. ಗ್ರೇ ಬೋರ್ಡ್, ಅಂಟು ನೀರು ಬೆರೆಸಿದ ಬಿಳಿ ಪಿವಿಎ. ಬರುತ್ತಿರುವ ತೊಂದರೆ ಮೂರು. ಅಂಟು ಬಟ್ಟೆಯ ಮೇಲ್ಮೈಗೆ ಬಂದು ಹೊಳೆಯುವ ಕಪ್ಪು ಕಲೆ ಕೂರುತ್ತೆ. ಒಣಗಿದ ಮೇಲೆ ರಟ್ಟು ಹೊರಗಡೆಗೆ ಬಾಗುತ್ತೆ. ಬೆನ್ನಿನ ಹತ್ತಿರ ಬಿಗಿಯಾಗಿ, ರಟ್ಟು ಪೂರ್ತಿ ತೆರೆಯೋದಿಲ್ಲ, ಜೋರಾಗಿ ತೆರೆದರೆ ಮೊದಲ ಹಾಳೆ ಕಿತ್ತು ಬರುತ್ತೆ. ಕತ್ತರಿ, ಕಟ್ಟರ್, ಸ್ಟೀಲ್ ಸ್ಕೇಲ್ ಬಿಟ್ಟರೆ ಯಂತ್ರ ಯಾವುದೂ ಇಲ್ಲ. ಅಳತೆ ಸಮೇತ ಹೇಳಿದರೆ ಉಪಕಾರ.

ರಟ್ಟುದಾರ

ಒಂದೊಂದಾಗಿ ನೋಡೋಣ, ಕಾರಣಗಳು ಬೇರೆ ಬೇರೆ.

ಕಲೆ ಬರೋದು ಅಸ್ತರು ಇಲ್ಲದ್ದಕ್ಕೆ. ನೇಯ್ದ ಬಟ್ಟೆಯ ಎಳೆಗಳ ನಡುವೆ ಸಂದು ಇದ್ದೇ ಇರುತ್ತೆ, ತೆಳು ಮಾಡಿದ ಅಂಟು ಆ ಸಂದುಗಳಲ್ಲಿ ತಾನಾಗೇ ಮೇಲೇರುತ್ತೆ. ಪಿವಿಎ ಒಣಗಿದರೆ ಪ್ಲಾಸ್ಟಿಕ್ಕಿನ ಪೊರೆ, ನೀರಿಗೆ ಬಿಡೋದಿಲ್ಲ. ಬೈಂಡಿಂಗ್‌ಗೆಂದೇ ಸಿಗುವ ಕ್ಯಾಲಿಕೋ ಬಟ್ಟೆಗೆ ಗಂಜಿ ತುಂಬಿಸಿ ಆ ಸಂದುಗಳನ್ನು ಮೊದಲೇ ಮುಚ್ಚಿರುತ್ತಾರೆ. ಖಣಕ್ಕೆ ಆ ಕೆಲಸವನ್ನು ನೀವೇ ಮಾಡಬೇಕು, ಹಿಂಬದಿಗೆ ತೆಳು ಕಾಗದ ಅಂಟಿಸಿ.

ಬಟ್ಟೆ 40×30 ಸೆಂ.ಮೀ. ಕತ್ತರಿಸಿ, ಹಾಸಿನ ಎಳೆ (ಮಗ್ಗದಲ್ಲಿ ಉದ್ದಕ್ಕೆ ಹೂಡಿದ ನೂಲು) 30 ಸೆಂ.ಮೀ. ದಿಕ್ಕಿಗೆ ಓಡಬೇಕು. ಅಸ್ತರಿಗೆ ತೆಳು ಬಿಳಿ ಟಿಶ್ಯೂ ಕಾಗದ, ಸುತ್ತಲೂ 2 ಸೆಂ.ಮೀ. ದೊಡ್ಡದು, ಅಂದರೆ 44×34. ಬಣ್ಣದ ಗಾಳಿಪಟದ ಕಾಗದ ಬೇಡ, ನೀರು ತಾಗಿದ ಕೂಡಲೇ ಬಣ್ಣ ಬಿಡುತ್ತೆ. ಬಟರ್ ಪೇಪರ್, ಟ್ರೇಸಿಂಗ್ ಪೇಪರ್ ಕೂಡ ಬೇಡ, ಒದ್ದೆಯಾದರೆ ಸುರುಳಿ ಸುತ್ತಿ ಕೈಗೇ ಬಗ್ಗೋದಿಲ್ಲ. ಸನ್‌ಮೈಕಾ ಮೇಜು ಅಥವಾ ಗ್ರಾನೈಟ್ ಕಟ್ಟೆಯ ಮೇಲೆ ಬಟ್ಟೆಯನ್ನು ಮುಖ ಕೆಳಗೆ ಮಾಡಿ ಹಾಸಿ, ನೀರು ಸಿಂಪಡಿಸಿ, ಅಗಲ ಬ್ರಷ್‌ನಿಂದ ಎಳೆಗಳನ್ನು ನೇರ ಮಾಡಿ. ಸಾಲು ಸೊಟ್ಟಗಿದ್ದರೆ ಇಲ್ಲೇ ಸರಿಪಡಿಸಬೇಕು, ಒಣಗಿದ ಮೇಲೆ ಆಗೋದಿಲ್ಲ. ಕಾಗದಕ್ಕೆ ಮೈದಾ ಅಂಟು ತೆಳುವಾಗಿ ಸವರಿ ಎರಡು ನಿಮಿಷ ಬಿಡಿ, ಅದು ಹಿಗ್ಗುವಷ್ಟು ಹಿಗ್ಗಲಿ. ಹಿಗ್ಗುವ ಮೊದಲೇ ಇಟ್ಟರೆ ಬಟ್ಟೆಯ ಮೇಲೆ ಕೂತಾದ ಮೇಲೆ ಹಿಗ್ಗಿ ಗುಳ್ಳೆ ಏಳುತ್ತೆ. ಆಮೇಲೆ ಬಟ್ಟೆಯ ಮೇಲಿಟ್ಟು ನಡುವಿನಿಂದ ಅಂಚಿಗೆ ಬ್ರಷ್ ಎಳೆಯಿರಿ. ಎರಡನ್ನೂ ಒಟ್ಟಿಗೆ ಎತ್ತಿ ಪ್ಲೈವುಡ್ ಹಲಗೆಗೆ ಹಾಕಿ, ಬಟ್ಟೆ ಹಲಗೆಯ ಕಡೆಗೆ. ಹೊರಗೆ ಉಳಿದ 2 ಸೆಂ.ಮೀ. ಕಾಗದದ ಅಂಚು ಮಾತ್ರ ಹಲಗೆಗೆ ಅಂಟಿಕೊಳ್ಳುತ್ತೆ. ಒಂದು ಮೂಲೆಯಲ್ಲಿ ಸಣ್ಣ ಕಾಗದದ ಚೀಟಿ ಸಿಕ್ಕಿಸಿಡಿ, ಬಿಡಿಸುವಾಗ ಚಾಕು ತೂರಿಸಲು ಅದೇ ದಾರಿ. ಒಣಗುತ್ತಾ ತಾನೇ ಬಿಗಿದು ಮಟ್ಟಸವಾಗುತ್ತೆ. ಒಂದು ರಾತ್ರಿ ಸಾಕು.

ನೀರಿನ ಕೆಲಸ ಬೇಡ ಎಂದರೆ ಟೈಲರಿಂಗ್ ಸಾಮಾನಿನ ಅಂಗಡಿಯಲ್ಲಿ ಬ್ಲೌಸ್ ಕೊರಳಿಗೆ ಹಾಕುವ ಪೇಪರ್ ಕ್ಯಾನ್ವಾಸ್ ಸಿಗುತ್ತೆ. ಅದರ ಒರಟು ಬದಿಯಲ್ಲಿ ಅಂಟಿನ ಚುಕ್ಕೆಗಳಿರುತ್ತವೆ. ಆ ಬದಿಯನ್ನು ಬಟ್ಟೆಯ ಹಿಂಬದಿಗೆ ಇಟ್ಟು ಇಸ್ತ್ರಿ ಒತ್ತಿ. ಉಜ್ಜಬೇಡಿ, ಒಂದೊಂದು ಜಾಗದಲ್ಲಿ ಹತ್ತು ಹನ್ನೆರಡು ಸೆಕೆಂಡು ಒತ್ತಿ ಎತ್ತಿ ಮುಂದಕ್ಕೆ ಹೋಗಿ. ಮೊದಲ ಸಲಕ್ಕೆ ಇದೇ ಸುಲಭ. ಆದರೆ ಕಾಗದದ ಅಸ್ತರು ಕೊಟ್ಟ ಬಟ್ಟೆ ಮೂಲೆಗಳಲ್ಲಿ ಕೂರುವಷ್ಟು ಚೂಪಾಗಿ ಇದು ಕೂರೋದಿಲ್ಲ.

ಬಾಗುವುದಕ್ಕೆ ಕಾರಣ ಕಾಗದದ ನಾರಿನ ದಿಕ್ಕು. ಕಾಗದ ಒದ್ದೆಯಾದಾಗ ನಾರಿಗೆ ಅಡ್ಡಲಾಗಿ ಹಿಗ್ಗುತ್ತೆ, ಒಣಗುವಾಗ ಹಾಗೇ ಕುಗ್ಗಿ ಎಳೆಯುತ್ತೆ. ಹೊರಗಿನ ಬಟ್ಟೆ ರಟ್ಟನ್ನು ಹೊರಕ್ಕೆ ಎಳೆದರೆ, ಒಳಬದಿಗೆ ಅಂಟಿಸುವ ಎಂಡ್ ಪೇಪರ್ (ಪುಟಗಳನ್ನು ರಟ್ಟಿಗೆ ಸೇರಿಸುವ ಹಾಳೆ) ಒಳಕ್ಕೆ ಎಳೆದು ಸರಿದೂಗಿಸಬೇಕು. ಅಂಗಡಿಯ ಎ4 ಹಾಳೆಯಲ್ಲಿ ನಾರು ಸಾಮಾನ್ಯವಾಗಿ ಉದ್ದಕ್ಕೆ ಓಡುತ್ತೆ. ಅದನ್ನು ಎ5ಗೆ ಮಡಚಿದರೆ ನಾರು ಬೆನ್ನಿಗೆ ಅಡ್ಡ ಬೀಳುತ್ತೆ. ಆಗ ಎಂಡ್ ಪೇಪರ್ ಮೇಲೆ ಕೆಳಗೆ ಎಳೆಯುತ್ತದೆಯೇ ಹೊರತು ಪಕ್ಕಕ್ಕೆ ಎಳೆಯುವುದಿಲ್ಲ, ಬಟ್ಟೆಯ ಎಳೆತಕ್ಕೆ ಎದುರು ಬಲ ಇಲ್ಲದಂತಾಗುತ್ತೆ. ಎಂಡ್ ಪೇಪರ್, ಅಸ್ತರು, ರಟ್ಟು, ಒಳಹಾಳೆ, ಎಲ್ಲದರ ನಾರೂ ಬೆನ್ನಿಗೆ ಸಮಾನಾಂತರ ಇರಲಿ. ಕಂಡುಹಿಡಿಯಲು ಹಾಳೆಯನ್ನು ಎರಡೂ ಕಡೆ ಮೆಲ್ಲಗೆ ಬಗ್ಗಿಸಿ, ಯಾವ ಕಡೆ ಸುಲಭವಾಗಿ ಬಾಗುತ್ತೋ ಆ ಮಡಿಕೆಯ ಗೆರೆಯೇ ನಾರಿನ ದಿಕ್ಕು. ಸಂಶಯ ಇದ್ದರೆ ಸಣ್ಣ ಚೌಕದ ಒಂದು ಬದಿಗೆ ನೀರು ಸವರಿ. ಅದು ಕೊಳವೆಯಂತೆ ಸುತ್ತುತ್ತೆ, ಕೊಳವೆಯ ಉದ್ದವೇ ನಾರು.

ಹಾಳೆಗೆ ದಾರಿ: ಉದ್ದಕ್ಕೆ ನಾರಿರುವ 100 ಜಿಎಸ್‌ಎಂ ಎ3 ತಂದು 420ರ ಬದಿಯನ್ನು ಅರ್ಧಕ್ಕೆ ಕತ್ತರಿಸಿ. ಬಂದ 297×210 ತುಂಡನ್ನು 290×205ಕ್ಕೆ ಇಳಿಸಿ ಮಡಚಿದರೆ ಪುಟ 145×205 ಮಿ.ಮೀ., ನಾರೂ ಸರಿ. ನಾಲ್ಕು ಹಾಳೆಗೆ ಒಂದು ಫರ್ಮಾ (ಒಟ್ಟಿಗೆ ಮಡಚಿ ಹೊಲಿಯುವ ಕಟ್ಟು), ಎಂಟು ಫರ್ಮಾ, ಒಟ್ಟು 128 ಪುಟ. ಹೊಲಿದ ಮೇಲೆ ದಪ್ಪ ಸುಮಾರು 10 ಮಿ.ಮೀ. ಬರುತ್ತೆ. ಲೆಕ್ಕ ನಂಬಬೇಡಿ, ಒತ್ತಿ ಹಿಡಿದು ಅಳೆಯಿರಿ.

ಇನ್ನು ತೆರೆಯದೇ ಇರೋದು. ಇದು ರಟ್ಟು ಮತ್ತು ಬೆನ್ನುಪಟ್ಟಿಯ ನಡುವಿನ ಸಂದಿನ ವಿಚಾರ, ಅಲ್ಲಿ ಜಾಗ ಸಾಲದು. ಅಳತೆ ಹೀಗೆ:

ರಟ್ಟು ಎರಡು, ತಲಾ 143×211 ಮಿ.ಮೀ. ಎತ್ತರದಲ್ಲಿ ಪುಟಕ್ಕಿಂತ 6 ಹೆಚ್ಚು, ಅಗಲದಲ್ಲಿ 2 ಕಡಿಮೆ.
ಬೆನ್ನುಪಟ್ಟಿ 14×211, 1 ಮಿ.ಮೀ. ರಟ್ಟಿನದು. ಪುಟಗಳ ದಪ್ಪ 10, ಜೊತೆಗೆ ಎರಡು ರಟ್ಟಿನ ದಪ್ಪ 4.
ಸಂದು ಎರಡೂ ಕಡೆ 7 ಮಿ.ಮೀ. ದಪ್ಪ ಬಟ್ಟೆಯಾದರೆ 8.
ಮಡಚಲು ಸುತ್ತಲೂ 20 ಮಿ.ಮೀ. ಒಟ್ಟು ಬಟ್ಟೆ 354×251.

ಮೂಲೆಯಲ್ಲಿ ಬಟ್ಟೆಯನ್ನು ಓರೆಯಾಗಿ ಕತ್ತರಿಸುವಾಗ ರಟ್ಟಿನ ತುದಿಯಿಂದ 4 ಮಿ.ಮೀ. ದೂರ ಬಿಡಿ. ಅದಕ್ಕಿಂತ ಹತ್ತಿರ ಕತ್ತರಿಸಿದರೆ ರಟ್ಟಿನ ಮೂಗು ಹೊರಗೆ ಕಾಣುತ್ತೆ, ಖಣವಾದರೆ ಎಳೆಯೂ ಬಿಚ್ಚಿಕೊಳ್ಳುತ್ತೆ. ಮೇಲೆ ಕೆಳಗಿನ ಅಂಚು ಮೊದಲು ಮಡಚಿ, ಮೂಲೆಯ ಚೂರನ್ನು ಉಗುರಿನಿಂದ ಒಳಕ್ಕೆ ಒತ್ತಿ, ಆಮೇಲೆ ಪಕ್ಕದ ಅಂಚು. ಉಜ್ಜಲು ಸ್ಟೀಲ್ ಚಮಚದ ಬೆನ್ನು ಸಾಕು, ಆದರೆ ನಡುವೆ ಒಂದು ಕಾಗದ ಇರಲಿ, ಇಲ್ಲದಿದ್ದರೆ ಖಣದ ಮೇಲೆ ಹೊಳಪಿನ ಗೆರೆ ಬೀಳುತ್ತೆ.

ಹೊಲಿಗೆಯ ತೂತು 205ರ ಬೆನ್ನಿನಲ್ಲಿ 12, 60, 74, 131, 145, 193 ಮಿ.ಮೀ.ಗೆ. 60–74 ಮತ್ತು 131–145ರ ನಡುವೆ 12 ಮಿ.ಮೀ. ಅಗಲದ ಚಪ್ಪಟೆ ಹತ್ತಿ ಲಾಡಿ, ಎರಡೂ ಬದಿಗೆ 25 ಮಿ.ಮೀ. ಹೊರಗುಳಿಯುವಷ್ಟು ಉದ್ದ. ತುದಿಯ ತೂತುಗಳಲ್ಲಿ ದಾರವನ್ನು ಕೆಳಗಿನ ಫರ್ಮಾದ ಕುಣಿಕೆಯೊಳಗಿಂದ ತೆಗೆದು ಬಿಗಿಯಬೇಕು. ದಾರ ಮೇಣ ಹಚ್ಚಿದ ಲಿನನ್ ಅಥವಾ ದಪ್ಪ ಹತ್ತಿಯದು, ಸುಮಾರು 2 ಮೀಟರ್. ನೈಲಾನ್ ಬೇಡ, ಅದು ಹಾಳೆಯನ್ನು ಕುಯ್ಯುತ್ತೆ. ಎಳೆಯುವಾಗ ಬೆನ್ನಿನ ಉದ್ದಕ್ಕೇ ಎಳೆಯಿರಿ, ನಿಮ್ಮ ಕಡೆಗೆ ಎಳೆದರೆ ತೂತು ಹರಿದು ಸೀಳುತ್ತೆ. ಹೊಲಿದಾದ ಮೇಲೆ ಬೆನ್ನಿಗೆ ನೀರು ಬೆರೆಸದ ಪಿವಿಎ, ಅದರ ಮೇಲೆ ಎರಡೂ ಕಡೆ 25 ಮಿ.ಮೀ. ಚಾಚುವ ಬ್ಯಾಂಡೇಜ್ ಬಟ್ಟೆ. ಮೊದಲ ಹಾಳೆ ಕಿತ್ತು ಬರೋದನ್ನು ತಡೆಯುವುದು ಈ ಬಟ್ಟೆ ಮತ್ತು ಲಾಡಿಯೇ. ಹಾಳೆಯೊಂದರ ಮೇಲೇ ಭಾರ ಬಿಟ್ಟರೆ ಎಷ್ಟು ಒಳ್ಳೆಯ ಅಂಟಾದರೂ ಕೈಕೊಡುತ್ತೆ.

ದಡಿಸೆರಗು

ರಟ್ಟುದಾರ ಹೇಳಿದ್ದು ಸರಿ, ಆದರೆ ಬಟ್ಟೆಯ ಕಡೆಯಿಂದ ಕೆಲವು ವಿಷಯ ಬಾಕಿ ಇದೆ. ನೀರು ತಾಗಿಸುವ ಮೊದಲೇ ಇವನ್ನು ನೋಡಿಕೊಳ್ಳಬೇಕು.

ಖಣ ಎಂದು ಮಾರುವುದೆಲ್ಲ ಒಂದೇ ನೂಲಿನದಲ್ಲ. ಗುಳೇದಗುಡ್ಡದ ಸಾಂಪ್ರದಾಯಿಕ ಖಣದಲ್ಲಿ ಹಾಸು ರೇಷ್ಮೆ, ಹೊಕ್ಕು (ಅಡ್ಡ ಎಳೆ) ಹತ್ತಿ. ಪವರ್‌ಲೂಮಿನ ಅಗ್ಗದ ಮಾಲು ಪಾಲಿಯೆಸ್ಟರ್ ಆಗಿರಬಹುದು. ಹಾಸು, ಹೊಕ್ಕು ಎರಡರಿಂದಲೂ ಒಂದೊಂದು ಎಳೆ ತೆಗೆದು ಚಿಮಟದಲ್ಲಿ ಹಿಡಿದು ಸುಡಿ. ಹತ್ತಿ ಕಾಗದ ಸುಟ್ಟ ವಾಸನೆ ಕೊಟ್ಟು ಮೆತ್ತಗಿನ ಬೂದಿಯಾಗುತ್ತೆ. ರೇಷ್ಮೆ ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಒತ್ತಿದರೆ ಪುಡಿಯಾಗುವ ಕರಿ ಉಂಡೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತೆ, ಪುಡಿಯಾಗೋದಿಲ್ಲ. ಪಾಲಿಯೆಸ್ಟರ್ ಇದ್ದರೆ ಮೈದಾ ಅಂಟಿನ ಹಿಡಿತ ಕಡಿಮೆ, ಅದಕ್ಕೆ ಪೇಪರ್ ಕ್ಯಾನ್ವಾಸ್ ವಾಸಿ. ಇಸ್ತ್ರಿಯ ಬಿಸಿ ರೇಷ್ಮೆಯ ಗುರುತಿನ ಮೇಲೆ ಹೋಗಬಾರದು.

ಬಣ್ಣದ ಪರೀಕ್ಷೆ: ಒಂದು ಮೂಲೆಯನ್ನು ಒದ್ದೆ ಮಾಡಿ ಬಿಳಿ ಹತ್ತಿ ಬಟ್ಟೆಯ ನಡುವೆ ಇಟ್ಟು ಬಿಸಿ ಇಸ್ತ್ರಿ ಒತ್ತಿ. ಬಿಳಿಗೆ ಬಣ್ಣ ಹತ್ತಿದರೆ ಆ ತುಂಡಿಗೆ ಒದ್ದೆ ಅಸ್ತರು ಕೊಡಲೇಬೇಡಿ. ಗಾಢ ಕೆಂಪು, ನೇರಳೆ, ಕಡು ನೀಲಿಯಲ್ಲಿ ಇದು ಹೆಚ್ಚು. ಉಪ್ಪು, ವಿನೆಗರ್ ಹಾಕಿ ನೆನೆಸಿದರೆ ಬಣ್ಣ ಕೂರುತ್ತೆ ಎಂಬ ಮಾತನ್ನು ನೆಚ್ಚಿಕೊಳ್ಳಬೇಡಿ. ಬಣ್ಣ ನಿಲ್ಲಬೇಕಾದ್ದು ಅದ್ದುವಾಗ. ಪರೀಕ್ಷೆಯಲ್ಲಿ ಗೆದ್ದ ಬಟ್ಟೆಯನ್ನು ತಣ್ಣೀರಲ್ಲಿ ಒಮ್ಮೆ ಜಾಲಿಸಿ, ಮಗ್ಗದ ಗಂಜಿ ಬಿಡಿಸಿ, ಅರೆಒಣಗಿದಾಗ ಹಿಂಬದಿಯಿಂದ ಇಸ್ತ್ರಿ ಮಾಡಿ. ಕುಗ್ಗುವುದಿದ್ದರೆ ಈಗಲೇ ಕುಗ್ಗಲಿ.

ವಿನ್ಯಾಸ ಕೂರಿಸುವ ಬಗ್ಗೆ ಒಂದು ಕಳಕಳಿ. ಖಣದ ಬುಟ್ಟಾಗಳು ಹಾಸಿನ ಉದ್ದಕ್ಕೆ ಸಾಲಾಗಿ ಬರುತ್ತವೆ. ಹಾಗಾಗಿ ಬುಟ್ಟಾ ಸಾಲು ಬೆನ್ನಿಗೆ ಸಮಾನಾಂತರ ನಿಲ್ಲುತ್ತೆ, ರಟ್ಟಿನ ಅಂಚಿಗೆ ಒಂದು ಮಿ.ಮೀ. ಓರೆಯಾದರೂ ದೂರದಿಂದಲೇ ಕಾಣುತ್ತೆ. ಅಸ್ತರಿನ ಹಿಂಬದಿಯಲ್ಲಿ ಪೆನ್ಸಿಲ್ ಗೆರೆ ಎಳೆಯುವಾಗ ಬಟ್ಟೆಯ ಕತ್ತರಿಸಿದ ಅಂಚನ್ನು ಆಧಾರ ಮಾಡಬೇಡಿ. ಮುಖದ ಕಡೆಯಿಂದ ಒಂದೇ ಸಾಲಿನ ಎರಡು ಬುಟ್ಟಾಗಳ ನಡುವಿಗೆ ಸೂಜಿ ಚುಚ್ಚಿ, ಹಿಂದೆ ಆ ಎರಡು ಚುಕ್ಕೆ ಸೇರಿಸಿ ಗೆರೆ ಎಳೆಯಿರಿ, ರಟ್ಟನ್ನು ಆ ಗೆರೆಗೆ ಹೊಂದಿಸಿ. ಆನೆ ಹೆಜ್ಜೆ, ತೇರಿನಂಥ ದೊಡ್ಡ ಬುಟ್ಟಾ ಇದ್ದರೆ ಮುಖದ ರಟ್ಟಿನ ನಡುವಿಗೆ ಒಂದು ಪೂರ್ತಿ ಸಾಲು ಬರಲಿ. ತೇರು ತಲೆಕೆಳಗಾಗದಂತೆಯೂ ನೋಡಿ, ಹಿಂಬದಿಯಿಂದ ಕೆಲಸ ಮಾಡುವಾಗ ಇದು ಗೊತ್ತಾಗೋದೇ ಇಲ್ಲ, ಬಾಣದ ಗುರುತು ಹಾಕಿಕೊಳ್ಳಿ. ದಡಿಯನ್ನು ಸಂದಿನ ಮೇಲೆ ಬರುವಂತೆ ಇಡಬೇಡಿ, ಅಲ್ಲಿ ನೇಯ್ಗೆ ದಪ್ಪ, 7 ಮಿ.ಮೀ. ಸಂದಿನೊಳಗೆ ಇಳಿಯೋದಿಲ್ಲ. ಬೇಕಾದರೆ ತೆರೆಯುವ ಅಂಚಿನಿಂದ 15 ಮಿ.ಮೀ. ಒಳಗೆ ಬರಲಿ, ಚೆಂದ.

ತಿರುಗುಸೂಜಿ

ತುಂಬಾ ಸ್ಪಷ್ಟವಾಯ್ತು. ಇನ್ನೆರಡು. ಮೈದಾ ಅಂಟಿಗೆ ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕಬೇಕು ಅಂತಾರಲ್ಲ, ಹಾಕಬೇಕಾ? ಮಲೆನಾಡಿನ ಮಳೆಗಾಲದಲ್ಲಿ ಒಣಗಿಸೋದು ಹೇಗೆ?

ಗಂಜಿಬಟ್ಟಲು

ಮೈಲುತುತ್ತ ಹಳೇ ಬೈಂಡರುಗಳ ರೂಢಿ, ಜಿರಳೆ ಮತ್ತು ಹುಳು ಅಂಟು ತಿನ್ನದಿರಲಿ ಅಂತ. ಅದು ವಿಷ, ಅಡುಗೆಮನೆಯ ಪಾತ್ರೆಯಲ್ಲಿ ಕುದಿಸುವ ಪದಾರ್ಥ ಅಲ್ಲವೇ ಅಲ್ಲ. ಅದರ ತಾಮ್ರ ಕಾಲಕ್ರಮೇಣ ಕಾಗದವನ್ನು ಕಂದು ಮಾಡಿ ಪುಡಿಪುಡಿ ಮಾಡುತ್ತೆ. ಮಕ್ಕಳ ಕೈಗೆ ಸಿಗುವ ನೋಟ್‌ಬುಕ್ಕಿಗಂತೂ ಬೇಡ. ಬೇಕಾದಷ್ಟೇ ಅಂಟು ಮಾಡಿ, ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟು ಮೂರು ದಿನದಲ್ಲಿ ಮುಗಿಸಿ. ಹುಳಿ ವಾಸನೆ ಬಂದರೆ ಅಥವಾ ನೀರು ಬಿಟ್ಟರೆ ಚೆಲ್ಲಿ. ಎರಡು ಹನಿ ಲವಂಗದೆಣ್ಣೆ ಹಾಕಬಹುದು.

ಮಾಡುವುದು: ಒಂದು ಅಳತೆ ಮೈದಾಕ್ಕೆ ಐದು ಅಳತೆ ನೀರು. ಮೊದಲು ಒಂದು ಅಳತೆ ತಣ್ಣೀರಿನಲ್ಲೇ ಗಂಟಿಲ್ಲದಂತೆ ಕದಡಿ, ಆಮೇಲೆ ಉಳಿದ ನೀರು. ಬಿಸಿನೀರಿಗೆ ಮೈದಾ ಸುರಿದರೆ ಗಂಟು ಬಿಡಿಸಲು ಆಗೋದಿಲ್ಲ. ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ ಕೈಬಿಡದೆ ತಿರುವಿ. ಹಾಲಿನ ಬಿಳುಪು ಹೋಗಿ ಅರೆಪಾರದರ್ಶಕವಾಗಿ, ಸೌಟಿನಿಂದ ದಪ್ಪಗೆ ಇಳಿಯಬೇಕು. ಬಿಳುಪು ಹೋಗುವ ಮೊದಲೇ ಇಳಿಸಿದರೆ ಹಿಟ್ಟು ಬೆಂದಿರೋದಿಲ್ಲ, ಒಣಗಿದ ಮೇಲೆ ಪುಡಿಯಾಗಿ ಉದುರುತ್ತೆ. ಪೂರ್ತಿ ತಣ್ಣಗಾದ ಮೇಲೆ ಟೀ ಜರಡಿಯಲ್ಲಿ ಎರಡು ಸಲ ಸೋಸಿ. ಅಸ್ತರಿಗೆ ಮಜ್ಜಿಗೆಯಷ್ಟು ತೆಳು ಮಾಡಿಕೊಳ್ಳಿ. ರಟ್ಟಿಗೆ ಬಟ್ಟೆ ಅಂಟಿಸಲು ದಪ್ಪ ಅಂಟನ್ನೂ ಪಿವಿಎಯನ್ನೂ ಸಮಸಮ ಬೆರೆಸಿ. ಬರೀ ಪಿವಿಎ ಬೇಗ ಹಿಡಿಯುತ್ತೆ, ಬುಟ್ಟಾ ಸರಿಹೊಂದಿಸಲು ಸಮಯ ಕೊಡೋದಿಲ್ಲ. ಎಂಡ್ ಪೇಪರಿಗೂ ಇದೇ ಮಿಶ್ರಣ.

ಒಣಗಿಸುವುದು. ಬಟ್ಟೆ ಹೊದಿಸಿದ ರಟ್ಟು ತೆರೆದಿಟ್ಟರೆ ಬಾಗುವುದು ಖಚಿತ, ಕೂಡಲೇ ಭಾರದ ಕೆಳಗೆ ಇಡಿ. ಒಳಬದಿಯಲ್ಲಿ ಮಡಚಿದ ಅಂಚುಗಳ ನಡುವೆ ತಗ್ಗು ಉಳಿದಿರುತ್ತಲ್ಲ, ಅಲ್ಲಿಗೆ ಸರಿಯಾಗಿ ಕೂರುವಂತೆ ಒಂದು ಕಾಗದ ಕತ್ತರಿಸಿ ಅಂಟಿಸಿ. ಮಟ್ಟವೂ ಸರಿಯಾಗುತ್ತೆ, ಒಳಕ್ಕೆ ಎಳೆತವೂ ಸಿಗುತ್ತೆ. ಪುಸ್ತಕ ಸೇರಿಸಿದ ಮೇಲೆ ಎಂಡ್ ಪೇಪರ್ ಮತ್ತು ಪುಟಗಳ ನಡುವೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಹೀರುಕಾಗದ ಎಂಡ್ ಪೇಪರಿಗೆ ತಾಗುವಂತೆ. ಪ್ಲಾಸ್ಟಿಕ್ ಇಲ್ಲದಿದ್ದರೆ ತೇವ ಪುಟಗಳಿಗೆ ಇಳಿದು ಅಂಚು ಅಲೆಯಲೆಯಾಗುತ್ತೆ. ಸಂದಿನ ಎರಡೂ ತಗ್ಗಿಗೆ 3 ಮಿ.ಮೀ. ಹೆಣಿಗೆ ಕಡ್ಡಿ ಇಟ್ಟು, ಮೇಲೆ ಹಲಗೆ, ಹಲಗೆಯ ಮೇಲೆ 10 ಕಿಲೋ ಅಕ್ಕಿ ಚೀಲ. ಹೀರುಕಾಗದವನ್ನು ಅರ್ಧ ಗಂಟೆಗೆ, ಎರಡು ಗಂಟೆಗೆ, ರಾತ್ರಿ ಮಲಗುವ ಮುನ್ನ ಬದಲಿಸಿ. ಬಯಲುಸೀಮೆಯ ಬೇಸಗೆಯಲ್ಲಿ ಒಂದು ದಿನ ಸಾಕು. ಮಲೆನಾಡಿನ ಜುಲೈಯಲ್ಲಿ ಮೂರು ದಿನ, ಬೆಳಗ್ಗೆ ಸಂಜೆ ಹೀರುಕಾಗದ ಬದಲಿಸುತ್ತಾ. ಇಸ್ತ್ರಿ ಮಾಡಿದ ಹಳೇ ಬಿಳಿ ಪಂಚೆಯ ತುಂಡುಗಳೂ ಹೀರುಕಾಗದದ ಕೆಲಸ ಮಾಡುತ್ತವೆ. ಮುಟ್ಟಿದರೆ ತಣ್ಣಗೆ ಅನ್ನಿಸುವವರೆಗೂ ಒಳಗೆ ತೇವ ಇದೆ ಎಂದೇ ಲೆಕ್ಕ. ಹಾಗೇ ಕಪಾಟಿಗೆ ಸೇರಿಸಿದರೆ ಬೂಷ್ಟು ಬರುತ್ತೆ. ಒಲೆಯ ಹತ್ತಿರ, ಬಿಸಿಲಲ್ಲಿ ಇಡಬೇಡಿ, ಒಂದು ಮುಖ ಮೊದಲು ಒಣಗಿ ಬಾಗುತ್ತೆ.

ಕೌದಿಕಟ್ಟು

ಬಣ್ಣ ಬಿಡುವ ಖಣಕ್ಕೆ, ಹಳೇ ಇಳಕಲ್ ಸೀರೆಯಂಥ ಮೆತ್ತನೆ ಅರಿವೆಗೆ ಅಂಟಿನ ಉಸಾಬರಿಯೇ ಬೇಡ ಅಂತೀನಿ. ಅಂಟಿಸಿದ ಬಟ್ಟೆಯನ್ನು ಮತ್ತೆ ತೆಗೆದು ಬಳಸೋಕಾಗಲ್ಲ. ಉತ್ತರ ಕರ್ನಾಟಕದ ಕೌದಿ ಹೊಲಿಯೋ ರೀತಿಯಲ್ಲೇ ಮೆತ್ತನೆ ಹೊದಿಕೆ ಆಗುತ್ತೆ, ಗಟ್ಟಿ ರಟ್ಟೂ ಬೇಕಿಲ್ಲ.

ಮೇಲೆ ಖಣ, ನಡುವೆ ಹಳೇ ಹತ್ತಿ ಸೀರೆಯ ಎರಡು ಪದರ, ಕೆಳಗೆ ಸಾದಾ ಹತ್ತಿ ಬಟ್ಟೆ. ನಾಲ್ಕೂ 345×240 ಮಿ.ಮೀ. ಮೊದಲು ದೊಡ್ಡ ಟಾಕಿ (ಹೊಲಿಗೆ) ಹಾಕಿ ಪದರ ಹಿಡಿಸಿ, ಅಂಚಿನಿಂದ ಶುರು ಮಾಡಿ ಒಳಕ್ಕೆ ಸುತ್ತುತ್ತಾ ಬನ್ನಿ, ಟಾಕಿ 4 ಮಿ.ಮೀ., ಸಾಲು ಸಾಲಿಗೆ 7 ಮಿ.ಮೀ. ಅಂತರ. ದಾರ ಎಳೆದಷ್ಟೂ ಬಟ್ಟೆ ಕುಗ್ಗುತ್ತೆ, ಆದ್ದರಿಂದ ಕೊನೇ ಅಳತೆಗೆ ಮೊದಲೇ ಕತ್ತರಿಸಬೇಡಿ. ಹೊಲಿದು ಮುಗಿದ ಮೇಲೆ ಇಸ್ತ್ರಿ ಮಾಡಿ 308×211ಕ್ಕೆ ಇಳಿಸಿ, ಸುತ್ತ ಓರೆಪಟ್ಟಿ ಕಟ್ಟಿ. ಪಟ್ಟಿ ನೇರ ಎಳೆಯಲ್ಲಿ ಕತ್ತರಿಸಿದ್ದಾದರೆ ಮೂಲೆಯಲ್ಲಿ ನೆರಿಗೆ ಬೀಳುತ್ತೆ.

ಇದಕ್ಕೆ ಫರ್ಮಾ ನಾಲ್ಕೇ ಇರಲಿ, ತಲಾ ಆರು ಹಾಳೆ. ಬೆನ್ನು 12 ಮಿ.ಮೀ., ಅದರಲ್ಲಿ ಹೊಲಿಗೆ ಸಾಲು 3 ಮಿ.ಮೀ.ಗೊಂದು. ಎಂಟು ಫರ್ಮಾ ತುರುಕಿದರೆ ಸಾಲುಗಳು ಹತ್ತಿರವಾಗಿ ಬಟ್ಟೆ ಸೀಳುತ್ತೆ. ಬೆನ್ನಿನ ಒಳಗೆ 12×205ರ ಬಕ್ರಂ (ಗಂಜಿ ಹಾಕಿದ ಗಟ್ಟಿ ಬಟ್ಟೆ) ಪಟ್ಟಿ ಮೊದಲೇ ಸೇರಿಸಿ ಹೊಲಿಯಿರಿ. ಅದಿಲ್ಲದಿದ್ದರೆ ದಾರ ಬಿಗಿದಾಗ ಬೆನ್ನು ಮುದುರುತ್ತೆ. ಫರ್ಮಾದ ಒಳಗಿಂದ ಹೊದಿಕೆಯ ಹೊರಕ್ಕೆ ನೇರವಾಗಿ ಸೂಜಿ ತೆಗೆದು ಉದ್ದ ಹೊಲಿಗೆ ಹಾಕಿ, ಹೊರಗೆ ಕಾಣುವ ದಾರವೇ ಅಲಂಕಾರ. ಬಟ್ಟೆಯಲ್ಲಿ ಮೊದಲೇ ತೂತು ಕೊರೆಯಬೇಡಿ, ಸೂಜಿ ಎಳೆಗಳ ನಡುವೆ ದಾರಿ ಮಾಡಿಕೊಳ್ಳಲಿ.

ತೊಳೆಯಬಹುದಾದ ಹೊದಿಕೆ ಬೇಕಿದ್ದರೆ ಪುಟಕ್ಕೆ ಹೊಲಿಯದೆ ಬರೀ ಅಂಗಿ ಮಾಡಿ: ಎರಡೂ ತುದಿಗೆ 70 ಮಿ.ಮೀ. ಜೇಬು, ರಟ್ಟು ಅದರೊಳಗೆ ತೂರಬೇಕು. ಎತ್ತರಕ್ಕೆ 5 ಮಿ.ಮೀ. ಸಡಿಲ ಕೊಡಿ.

ತಿರುಗುಸೂಜಿ

ಈಗಾಗಲೇ ಬಾಗಿರುವ, ಕಲೆಯಾಗಿರುವ ರಟ್ಟುಗಳನ್ನು ಉಳಿಸಬಹುದಾ?

ರಟ್ಟುದಾರ

ಬಾಗಿದ್ದನ್ನು ಬಹುಮಟ್ಟಿಗೆ ಸರಿಪಡಿಸಬಹುದು. ಎಂಡ್ ಪೇಪರ್ ಮೇಲೆಯೇ ಇನ್ನೊಂದು ಕಾಗದ ಅಂಟಿಸಿ, 120 ಜಿಎಸ್‌ಎಂ, ನಾರು ಬೆನ್ನಿಗೆ ಸಮಾನಾಂತರ. ಈ ಸಲ ಬರೀ ಮೈದಾ ಅಂಟು, ಪಿವಿಎ ಬೆರೆಸದೆ. ನೀರು ಹೆಚ್ಚಿದ್ದಷ್ಟೂ ಕಾಗದ ಹೆಚ್ಚು ಹಿಗ್ಗಿ, ಒಣಗುವಾಗ ಹೆಚ್ಚು ಒಳಕ್ಕೆ ಎಳೆಯುತ್ತೆ. ಸವರಿ ಐದು ನಿಮಿಷ ಬಿಟ್ಟು ಅಂಟಿಸಿ, ಗಂಜಿಬಟ್ಟಲು ಹೇಳಿದಂತೆ ಭಾರದ ಕೆಳಗೆ ಇಡಿ. ಎರಡು ದಿನದ ಮೇಲೂ ಸ್ವಲ್ಪ ಬಾಗಿದ್ದರೆ ಇನ್ನೊಂದು ಪದರ ಕೊಡಬಹುದು, ಮೂರನೆಯದು ಬೇಡ, ರಟ್ಟು ದಪ್ಪವಾಗಿ ಮುಚ್ಚೋದಿಲ್ಲ. ರಟ್ಟಿನ ನಾರೇ ಅಡ್ಡ ಇದ್ದರೆ ಇದರಿಂದ ಪೂರ್ತಿ ಸರಿಹೋಗಲ್ಲ.

ಪಿವಿಎ ಕಲೆ ಹೋಗೋದಿಲ್ಲ. ಉಜ್ಜಿದರೆ ರೇಷ್ಮೆ ಎಳೆ ಎದ್ದು ಇನ್ನೂ ಕೆಡುತ್ತೆ. ಕಲೆ ಮುಖದ ನಡುವೆ ಇದ್ದರೆ ಅದರ ಮೇಲೆ 60×35 ಮಿ.ಮೀ. ಕೈಕಾಗದದ ಹೆಸರುಪಟ್ಟಿ ಅಂಟಿಸಿ. ಹತ್ತಿ ಚಿಂದಿಯಿಂದ ಮಾಡಿದ ಖಾದಿ ಕೈಕಾಗದ ಇದಕ್ಕೆ ಒಳ್ಳೆಯದು, ಅದರಲ್ಲಿ ನಾರಿನ ದಿಕ್ಕು ಹೆಚ್ಚುಕಡಿಮೆ ಇಲ್ಲದಿರುವುದರಿಂದ ಒಣಗುವಾಗ ಒಂದೇ ಕಡೆಗೆ ಎಳೆಯೋದಿಲ್ಲ. ಅಂಚನ್ನು ಕತ್ತರಿಸದೆ, ಸ್ಕೇಲಿನ ಗುಂಟ ನೀರಿನ ಗೆರೆ ಎಳೆದು ಹರಿಯಿರಿ. ದಪ್ಪ ಅಂಟನ್ನು ತೆಳುವಾಗಿ ಸವರಿ, ಅಂಚಿನಲ್ಲಿ ಉಕ್ಕಿದ್ದನ್ನು ಒಣ ಬ್ರಷ್‌ನಲ್ಲಿ ತಕ್ಷಣ ತೆಗೆಯಿರಿ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಪಟ್ಟಿಯ ಸುತ್ತ ಇನ್ನೊಂದು ಕಲೆ ಏಳುತ್ತೆ.